ಹೊಗೆಯ ಬೆಲೆ ಬರೆದುಕೊಂಡ ನನ್ನ ಅತ್ತೆ

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ಬೇರೆಯವರ ಮಾತನ್ನು ಬರೆದುಕೊಂಡೇ ಬದುಕಿದವಳು. ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಉದ್ದನೆಯ ಮೇಜಿದೆ. ಅದರ ಎಡತುದಿಯಲ್ಲಿ ಕೂತು, ಸದಸ್ಯರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವುದು ಅವಳ ಕೆಲಸ. ಒಬ್ಬರಿಗೆ ಐದು ನಿಮಿಷದ ಸರದಿ. ಐದನೆಯ ನಿಮಿಷ ಮುಗಿಯುವ ಮುಂಚೆ ಮುಂದಿನವರು ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಇವಳು ಎದ್ದು ಹಿಂದಿನ ಓಣಿ ದಾಟಿ ಟೈಪಿಂಗ್ ಕೋಣೆಗೆ ಹೋಗಿ, ಆ ಐದು ನಿಮಿಷವನ್ನು ನಮ್ಮಂಥವರು ಓದಬಲ್ಲ ಬರಹಕ್ಕೆ ತಿರುಗಿಸುತ್ತಾಳೆ. ಎಲ್ಲರ ಸರದಿಗಳನ್ನೂ ಹೊಲಿದರೆ ನಡವಳಿ ಪುಸ್ತಕವಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಕಟ್ಟಡದಲ್ಲಿ ಮಾತು ಆಡಿದರೂ ಹೋಗುವುದಿಲ್ಲ. ಹೋದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಈಗ ಅನಿಸುತ್ತದೆ.

ಹತ್ತೊಂಬತ್ತನೆಯ ವಯಸ್ಸಿಗೆ ಸಂಜೆ ತರಗತಿಗೆ ಹೋಗಿ ಶೀಘ್ರಲಿಪಿ ಕಲಿತಳಂತೆ. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಬೆಳಗಿಂದ ಕೇಳಿಸ್ಕೊಂಡು ಬಂದು ಮನೇಲೂ ಒಬ್ಬನ ಮಾತು ಕೇಳ್ಬೇಕಾ? ಅಷ್ಟು ಪಾಪ ನಾನೇನು ಮಾಡಿದ್ದೀನಿ?" ಎನ್ನುತ್ತಿದ್ದಳು. ನಮ್ಮ ಮನೆಯ ಮುಂದಿನ ಕೋಣೆ ಅವಳದು. ಒಂದು ಮಂಚ, ಒಂದು ಕಪಾಟು, ಕಿಟಕಿಯ ಮೇಲೆ ಒಂದು ಲೋಟದ ತುಂಬ ಚೂಪು ಮಾಡಿದ ಪೆನ್ಸಿಲ್ಲು. ಟಿವಿಯಲ್ಲಿ ಯಾರಾದರೂ ಭಾಷಣ ಮಾಡಿದರೆ ಅವಳ ಬಲಗೈ ತೋರುಬೆರಳು ತನ್ನಷ್ಟಕ್ಕೆ ಮಂಡಿಯ ಮೇಲೆ ಓಡುತ್ತಿತ್ತು. ಬೈದರೆ ನಿಲ್ಲಿಸುತ್ತಿದ್ದಳು, ಎರಡು ನಿಮಿಷಕ್ಕೆ ಮತ್ತೆ ಶುರು.

ಅವಳ ಹೆಮ್ಮೆಯೆಂದರೆ ಒಂದೇ. ಸದನದಲ್ಲಿ ಕೂಗಾಟ ಎದ್ದಾಗ, ಯಾರು ಏನು ಅಂದರು ಎಂದು ಗೊತ್ತಾಗದಿದ್ದರೆ, ಅಲ್ಲಿ ಒಂದು ಗೆರೆ ಎಳೆದು 'ಗದ್ದಲ' ಎಂದು ಬರೆದುಬಿಡಬಹುದು. ಅದೇ ನಿಯಮ. ಮಿಕ್ಕವರೆಲ್ಲ ಬರೆಯುತ್ತಿದ್ದರು. ಅತ್ತೆ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬರೆದಿರಲಿಲ್ಲ. ನಲವತ್ತು ಜನ ಒಟ್ಟಿಗೆ ಅರಚಿದರೂ ಯಾರ ಬಾಯಿಂದ ಯಾವ ಮಾತು ಬಂತೆಂದು ಅವಳು ಆರಿಸಿ ಇಡಬಲ್ಲಳು. "ನಂದು ಅಂತ ಒಂದಕ್ಷರ ಅದರಲ್ಲಿಲ್ಲ, ಅವರದು ಅಂತ ಒಂದಕ್ಷರ ಬಿಟ್ಟಿಲ್ಲ," ಎಂದು ಊಟದ ಹೊತ್ತಿಗೆ ಅಪ್ಪನ ಮುಂದೆ ಎಷ್ಟು ಸಲ ಹೇಳಿದ್ದಾಳೋ. ಅಪ್ಪ ಪ್ರತಿ ಸಲವೂ ಹೊಸದಾಗಿ ಕೇಳಿದವನ ಹಾಗೆ ತಲೆ ಆಡಿಸುತ್ತಿದ್ದ.

ಅಪ್ಪನ ಕೆಲಸ ಊರಾಚೆಯ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಅಂಗಳದಲ್ಲಿ. ವ್ಯಾಗನ್ನಿನಿಂದ ಸುರಿದ ಕಲ್ಲಿದ್ದಲು ಬೆಲ್ಟಿನ ಮೇಲೆ ಓಡುತ್ತದೆ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಲಿಕೆ ಹಿಡಿದು ಇಪ್ಪತ್ತಾರು ವರ್ಷದಿಂದ ಅಪ್ಪ. ಕಳೆದ ವರ್ಷದಿಂದ ಮಹಡಿ ಹತ್ತುವಾಗ ಎರಡು ಕಡೆ ನಿಲ್ಲುತ್ತಾನೆ. ಕರವಸ್ತ್ರ ಒಗೆಯುವವಳು ನಾನು, ಅದರ ಬಣ್ಣ ನನಗೆ ಗೊತ್ತು. ಡಾಕ್ಟರು ಎದೆಯ ಫೋಟೊವನ್ನು ಬೆಳಕಿಗೆ ಹಿಡಿದು ನನ್ನನ್ನೇ ಕರೆದು ಹೇಳಿದರು: "ಈ ವರ್ಷ ಆ ಧೂಳು ಬಿಡಿಸಮ್ಮ. ಮುಂದಿನ ವರ್ಷ ಕರ್ಕೊಂಡು ಬಂದ್ರೆ ನಾನು ಇನ್ನೊಂದು ಫೋಟೊ ತೆಗೀಬಹುದು, ಅಷ್ಟೇ."

ಬಿಡಿಸುವುದಕ್ಕೆ ದಾರಿ ಇತ್ತು. ಸ್ಥಾವರದವರು ವರ್ಷಕ್ಕೊಮ್ಮೆ ವರ್ಗಾವಣೆ ಪಟ್ಟಿ ಮಾಡುತ್ತಾರೆ. ಈ ಸಲ ಕೆರೆಯ ಪಂಪ್‌ಹೌಸಿನಲ್ಲಿ ಒಂದು ಜಾಗ ಖಾಲಿಯಿತ್ತು. ನೀರು, ಗಾಳಿ, ಒಂದು ಕುರ್ಚಿ. ಅಪ್ಪ ಒಪ್ಪಲಿಲ್ಲ. "ನೀರು ಕಾಯೋದು ಮುದುಕರ ಕೆಲಸ. ನಮ್ಮ ಗ್ಯಾಂಗು ಬಿಟ್ಟು ಹೋಗ್ಲಾ?" ಎಂದ. ನಾನು ಒಂದು ವಾರ ಮಾತು ಬಿಟ್ಟೆ, ಅತ್ತೆ ಎರಡು ಹೊತ್ತು ಊಟ ಬಿಟ್ಟಳು. ಆಮೇಲೆ ಗೊಣಗುತ್ತ ಅರ್ಜಿಗೆ ಸಹಿ ಹಾಕಿದ. ಅರ್ಜಿ ತುಂಬಿದವಳು ನಾನೇ. ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತದೆ, ಅಷ್ಟರೊಳಗೆ ಡಾಕ್ಟರ ಸರ್ಟಿಫಿಕೇಟು ಕೊಟ್ಟರಾಯಿತು ಎಂದಿದ್ದರು.

ಅದೇ ತಿಂಗಳು ಸದನದಲ್ಲಿ ಹೊಗೆಗೆ ಬೆಲೆ ಕಟ್ಟುವ ಮಸೂದೆ ಬಂತು. ಕಲ್ಲಿದ್ದಲು, ಎಣ್ಣೆ ಸುಡುವವರು ಬಿಟ್ಟ ಇಂಗಾಲದ ಪ್ರತಿ ಟನ್ನಿಗೂ ಇಷ್ಟು ಎಂದು ಕಟ್ಟಬೇಕು. ಕಟ್ಟುವ ನೋವಿಗಾದರೂ ಸುಡುವುದು ಕಡಿಮೆಯಾಗಲಿ ಎಂಬುದು ಅದರ ಲೆಕ್ಕಾಚಾರ. ವಿಚಾರವೇನೋ ಕೆಟ್ಟದ್ದಲ್ಲ. ಅಪ್ಪನ ಕರವಸ್ತ್ರ ನೋಡಿದವರು ಯಾರಾದರೂ ಒಪ್ಪಿಯಾರು. ಅದನ್ನು ಹಿಡಿದು ಆಡಿದ ಬಾಯಿಗಳು ಮಾತ್ರ ಹೊಲಸು.

ಶೀಘ್ರಲಿಪಿಯವರು ಸದಸ್ಯರನ್ನು ಹೆಸರಿನಿಂದ ಕರೆಯುವುದಿಲ್ಲ, ಕೈಗೆ ಕೊಡುವ ಕಷ್ಟದಿಂದ ಕರೆಯುತ್ತಾರೆ. ಹಾಗೆ ಒಬ್ಬ 'ಗುಡುಗು', ಇನ್ನೊಬ್ಬ 'ಎಣ್ಣೆ'. ಗುಡುಗು ಮೇಜು ಕುಟ್ಟಿ ಮಾತಾಡುವವನು, ಎಣ್ಣೆ ಜಾರಿಸಿ ಮಾತಾಡುವವನು. ಹನ್ನೊಂದು ವರ್ಷದ ಹಿಂದೆ ಗುಡುಗು ಮಂತ್ರಿ. ಇದೇ ಮಸೂದೆ ತಂದು, "ಮಕ್ಕಳ ಉಸಿರಿಗಾಗಿ ಈ ಬೆಲೆ," ಎಂದು ಕಣ್ಣೊರೆಸಿಕೊಂಡಿದ್ದ. ಆಗ ವಿರೋಧದಲ್ಲಿದ್ದ ಎಣ್ಣೆ, "ಉಸಿರಿಗೂ ತೆರಿಗೆಯೇ? ಇದು ಬಡವರ ಒಲೆಗೆ ನೀರು ಹೊಯ್ಯುವ ಕೆಲಸ," ಎಂದು ಸದನದಿಂದ ಎದ್ದು ಹೋಗಿದ್ದ. ಮಸೂದೆ ಸತ್ತಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಈಗ ಎಣ್ಣೆ ಮಂತ್ರಿ, ಗುಡುಗು ವಿರೋಧದಲ್ಲಿ. ಈಗ ಮಕ್ಕಳ ಉಸಿರಿನ ಬಗ್ಗೆ ಕಣ್ಣೊರೆಸಿಕೊಳ್ಳುವ ಸರದಿ ಎಣ್ಣೆಯದು, ಉಸಿರಿಗೂ ತೆರಿಗೆಯೇ ಎನ್ನುವ ಸರದಿ ಗುಡುಗಿನದು. ಭಾಷಣ ಬರೆದುಕೊಡುವವರು ಕೂಡ ಹೊಸದಾಗಿ ಬರೆಯುವ ಕಷ್ಟ ತೆಗೆದುಕೊಂಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಕುರ್ಚಿ ಬದಲಾಯಿಸಿಕೊಂಡರು, ನನ್ನಪ್ಪ ಅಷ್ಟೂ ವರ್ಷದ ಧೂಳು ಕುಡಿದ. ನೆನೆದರೆ ಈಗಲೂ ಉಗಿಯಬೇಕು ಅನಿಸುತ್ತದೆ.

ಚರ್ಚೆಯ ಎರಡನೆಯ ದಿನ ಗುಡುಗು ಎದ್ದು ನಿಂತಾಗ ಅತ್ತೆಯ ಸರದಿ. ಎರಡು ನಿಮಿಷದ ಹೊತ್ತಿಗೆ ಎರಡೂ ಕಡೆ ಕೂಗಾಟ ಶುರುವಾಯಿತು. ಸಭಾಧ್ಯಕ್ಷರು ಮೈಕುಗಳನ್ನು ಆಫ್ ಮಾಡಿಸಿದರು. ಅತ್ತೆ ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಒಮ್ಮೆ ತಲೆ ಎತ್ತಿ ಗುಡುಗಿನ ಮುಖ ನೋಡಿದಳು. ಶೀಘ್ರಲಿಪಿಯವರು ಮಾಡಬಾರದ ಕೆಲಸ ಅದು. ಕಿವಿಯಿಂದ ಕೈಗೆ ನೇರ ದಾರಿ ಇರಬೇಕು, ನಡುವೆ ಮನುಷ್ಯ ಬರಕೂಡದು. ಬಂದುಬಿಟ್ಟ. ಅವನ ತುಟಿಯ ಅಂಚಿನ ನೊರೆ, ಮೇಜು ಕುಟ್ಟುವ ಕೈಯ ಉಂಗುರ, ಎದುರಿಗೆ ನಗುತ್ತ ಕೂತ ಎಣ್ಣೆ. "ಥೂ, ನನ್ನ ಆಯುಷ್ಯ ಎಲ್ಲ ಈ ಎರಡು ಬಾಯಿಗೆ ಹೋಯ್ತಲ್ಲಾ ಅನ್ನಿಸ್ತು ಕಣೇ," ಎಂದು ಆಮೇಲೆ ನನಗೆ ಹೇಳಿದಳು. ಮತ್ತೆ ಹಾಳೆ ನೋಡಿದಾಗ ಪೆನ್ಸಿಲ್ಲು ನಿಂತಿತ್ತು. ಸುಮಾರು ನಲವತ್ತು ಸೆಕೆಂಡು ಬಿಳಿ.

ಮೈಕು ಆಫ್ ಆಗಿದ್ದರಿಂದ ಧ್ವನಿಮುದ್ರಣದಲ್ಲಿ ಅದು ಇಲ್ಲ. ಪಕ್ಕದ ಸರದಿಯವರು ಇನ್ನೂ ಬಂದಿರಲಿಲ್ಲ. 'ಗದ್ದಲ' ಎಂದು ಬರೆದಿದ್ದರೆ ಆಗಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಮೂವತ್ತೊಂದು ವರ್ಷದ ಜಂಬ ಬಿಡಬೇಕಲ್ಲ! ಟೈಪಿಂಗ್ ಕೋಣೆಯಲ್ಲಿ ಕೂತು ಅವಳು ಯೋಚಿಸಿದಳು: ಇವನು ಇಲ್ಲಿವರೆಗೆ ಆಡಿದ್ದು ಎಣ್ಣೆಯ ಹಳೆಯ ಭಾಷಣ, ಮುಂದೆ ಆಡಿದ್ದೂ ಅದೇ. ನಡುವಿನದು ಬೇರೆ ಇನ್ನೇನಿದ್ದೀತು? ಎದ್ದು ಹೋಗಿ ಕಚೇರಿಯ ಕಪಾಟಿನಿಂದ ಹನ್ನೊಂದು ವರ್ಷದ ಹಿಂದಿನ ಸಂಪುಟ ತೆಗೆದಳು. ಅದನ್ನೂ ಬರೆದುಕೊಂಡಿದ್ದವಳು ಅವಳೇ. ಎಣ್ಣೆಯ ಬಾಯಿಂದ ಅಂದು ಬಂದಿದ್ದ ನಾಲ್ಕು ವಾಕ್ಯಗಳನ್ನು ತಂದು ಗುಡುಗಿನ ಬಾಯಿಗೆ ಇಟ್ಟಳು. ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಸರಿಯಾಗಿ ಕೂತಿತು.

ಆ ವಾಕ್ಯಗಳು ಇವು: "ಕಲ್ಲಿದ್ದಲ ಅಂಗಳದಲ್ಲಿ ದುಡಿಯುವ ಒಬ್ಬನೇ ಒಬ್ಬನ ಕೆಲಸ ಹೋಗಲು ನಾನು ಬಿಡುವುದಿಲ್ಲ. ಅವರಿಗೆ ನಾನು ಹೇಳುತ್ತೇನೆ, ಹೆದರಿ ಬೇರೆ ಕಡೆ ಹೋಗಬೇಡಿ. ನಿಮ್ಮ ಜಾಗದಲ್ಲಿ ನೀವಿರಿ. ಗೇಟಿಗೆ ಬೀಗ ಹಾಕಲು ಬರುವವರು ನನ್ನ ಮೈಮೇಲೆ ಕಾಲಿಟ್ಟು ಬರಲಿ."

ತಮ್ಮನ ನೆನಪು ಬರಲಿಲ್ಲವೇ ಎಂದು ನಾನು ಕೇಳಿದೆ. ಬರಲಿಲ್ಲ ಎಂದಳು. ಅವಳಿಗೆ ಅವು ವಾಕ್ಯಗಳಾಗಿದ್ದವು, ಅಷ್ಟೆ. ಅದೂ ಅಲ್ಲದೆ ಆ ಪುಸ್ತಕ ಓದುವವರು ಯಾರಿದ್ದಾರೆ, ಗೆದ್ದಲು ಬಿಟ್ಟರೆ?

ಕರಡು ಸದಸ್ಯನ ಬಳಿಗೆ ಸಹಿಗೆ ಹೋಗುವುದು ಕ್ರಮ. ವ್ಯಾಕರಣ ತಿದ್ದಬಹುದು, ಅರ್ಥ ತಿದ್ದುವ ಹಾಗಿಲ್ಲ. ತಾನು ಆಡದ ಮಾತನ್ನು ಗುಡುಗು ಹೊಡೆದುಹಾಕುತ್ತಾನೆ, ಬೈಸಿಕೊಂಡು ಸುಮ್ಮನಾಗುತ್ತೇನೆ ಎಂದು ಅತ್ತೆ ಕಾದಳು. ಮರುದಿನ ಕರಡು ವಾಪಸು ಬಂತು. ಅವನು ಓದಿದ್ದ. 'ಬಿಡುವುದಿಲ್ಲ' ಎಂಬುದರ ಮುಂಚೆ ಹಸಿರು ಶಾಯಿಯಲ್ಲಿ 'ಎಂದೆಂದಿಗೂ' ಎಂದು ಸೇರಿಸಿ, ಕೆಳಗೆ ದೊಡ್ಡದಾಗಿ ಸಹಿ ಮಾಡಿದ್ದ.

ಅತ್ತೆಗೆ ಅನ್ನ ಸೇರದಾಯಿತು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಶೀಘ್ರಲಿಪಿಯವರ ಮೇಲಧಿಕಾರಿಯಾದ ಮುಖ್ಯ ವರದಿಗಾರರ ಕೋಣೆಗೆ ಹೋಗಿ, ಹೀಗೀಗೆ, ತಪ್ಪು ನನ್ನದು, ಆ ನಾಲ್ಕು ವಾಕ್ಯ ತೆಗೆಸಿ ಎಂದಳು. ಆ ಮನುಷ್ಯ ಬಿದ್ದು ಬಿದ್ದು ನಕ್ಕ.

"ಅಲ್ಲಮ್ಮಾ, ಸಹಿ ಬಿದ್ದಿದೆಯಲ್ಲ! ಸಹಿ ಬಿದ್ದ ಮೇಲೆ ತೆಗೀಬೇಕು ಅಂದ್ರೆ ಅವರೇ ಹೇಳ್ಬೇಕು."

"ಅವರು ಆಡೇ ಇಲ್ಲ ಸಾರ್."

"ಆಡಿಲ್ಲ ಅಂತ ಅವರಿಗೇ ಗೊತ್ತಿಲ್ಲ, ನಿಮಗ್ಯಾಕೆ? ಪೀಡೆ ಮೈಮೇಲೆ ಎಳ್ಕೋಬೇಡಿ."

ಅವಳು ಬಿಡಲಿಲ್ಲ. ಗುಡುಗಿನ ಕೋಣೆಯ ಹೊರಗೆ ಎರಡು ದಿನ ಬೆಂಚಿನ ಮೇಲೆ ಕೂತಳು. ಮೂರನೆಯ ದಿನ ಒಳಗೆ ಬಿಟ್ಟರು. ಅವನು ಊಟ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತಿದ್ದನಂತೆ. ಅತ್ತೆ ನಿಂತುಕೊಂಡೇ ಎಲ್ಲ ಹೇಳಿದಳು. ಹಳೆಯ ಸಂಪುಟವನ್ನೂ ತೆರೆದು ತೋರಿಸಿದಳು.

ಅವನು ನೋಡಿದ. ಮುಖ ಕೆಂಪಾಯಿತು. "ನನ್ನ ಮಾತು ನನಗೆ ನೆನಪಿಲ್ವೇನಮ್ಮಾ? ನಾನೇ ಆಡಿದ್ದು. ಆಡುವಾಗ ನನಗೆ ಗಂಟಲು ಕಟ್ಟಿತ್ತು. ಜನ ಎದ್ದು ಚಪ್ಪಾಳೆ ತಟ್ಟಿದ್ರು. ನೀವು ಬರ್ಕೊಳ್ಳೋರು, ಬರ್ಕೊಳ್ಳಿ. ಅವನು ಹನ್ನೊಂದು ವರ್ಷದ ಹಿಂದೆ ನನ್ನಿಂದ ಕದ್ದಿರ್ಬೇಕು."

ಅತ್ತೆ ಹೊರಗೆ ಬಂದು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡಳು. ಇದು ನಾನು ಸೇರಿಸಿದ ಬಣ್ಣವಲ್ಲ, ಅವಳೇ ಹೇಳಿದ್ದು.

ಚರ್ಚೆಗೆ ಉತ್ತರ ಕೊಡುವ ದಿನ ಎಣ್ಣೆ ಎದ್ದ. ಅವನ ಕೈಯಲ್ಲಿ ಗುಡುಗಿನ ಭಾಷಣದ ಪ್ರತಿ. ಆ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಓದಿ, "ಇಂಥ ಅಗ್ಗದ ಮಾತನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಕಾರ್ಮಿಕನ ಮುಖ ಕಂಡವನು ಯಾರೂ ಆಡುವುದಿಲ್ಲ," ಎಂದ. ಅವನ ಕಡೆಯವರು ಮೇಜು ತಟ್ಟಿದರು. ಅವು ಅವನವೇ ಎಂದು ಗುಡುಗನ್ನು ಬಿಟ್ಟರೆ ಇಡೀ ಸದನದಲ್ಲಿ ಗೊತ್ತಿದ್ದುದು ಮೇಜಿನ ಎಡತುದಿಯಲ್ಲಿ ಕೂತಿದ್ದವಳಿಗೆ ಮಾತ್ರ, ಅವಳಿಗೆ ಮಾತಾಡುವ ಹಕ್ಕಿಲ್ಲ. ಅದನ್ನೂ ಬರೆದುಕೊಂಡಳು. ಮಸೂದೆಯ ಗತಿ ಏನಾಯಿತು ಎಂದರೆ, ಇನ್ನೂ ಅಧ್ಯಯನ ಮಾಡಲಿ ಎಂದು ಒಂದು ಸಮಿತಿಗೆ ಹೋಯಿತು. ಸಮಿತಿಗೆ ಎಣ್ಣೆ ಅಧ್ಯಕ್ಷ, ಗುಡುಗು ಉಪಾಧ್ಯಕ್ಷ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಬ್ಬರೂ ಒಂದೇ ಕಾರಿನಲ್ಲಿ ಹೋದರಂತೆ.

ಇಷ್ಟೆಲ್ಲ ನಡೆಯುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅತ್ತೆ ಮಂಕಾಗಿದ್ದಾಳೆ, ವಯಸ್ಸಾಯಿತು ಎಂದುಕೊಂಡಿದ್ದೆ. ಅವಳು ಸದನದ ಕಾರ್ಯದರ್ಶಿಗೆ ಒಂದು ಪತ್ರ ಬರೆದು, 'ಪರಿಶೀಲಿಸಲಾಗುವುದು' ಎಂಬ ಉತ್ತರ ಪಡೆದು, ಇನ್ನೊಂದು ಪತ್ರ ಬರೆಯುತ್ತಿದ್ದಳು. ಪುಸ್ತಕಕ್ಕೆ ಹೊಲಿಗೆ ಬೀಳುವ ಮುಂಚೆ ಸರಿ ಮಾಡಿಸಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಪುಸ್ತಕದ ಹೊರಗೆ ಆ ಮಾತು ಕಾಲು ಬೆಳೆಸಿಕೊಂಡು ನಡೆದಾಡೀತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ತಿಂಗಳ ಕೊನೆಯ ದಿನ, ಮಧ್ಯಾಹ್ನ, ನಾನು ಡಾಕ್ಟರ ಸರ್ಟಿಫಿಕೇಟು ಹಿಡಿದು ಸ್ಥಾವರದ ವರ್ಗಾವಣೆ ಕಚೇರಿಗೆ ಹೋದೆ. ಗುಮಾಸ್ತೆ ಪಟ್ಟಿಯ ಮೇಲೆ ಬೆರಳಾಡಿಸಿ, ಮತ್ತೊಮ್ಮೆ ಆಡಿಸಿ, "ನಿಮ್ಮ ತಂದೆ ಹೆಸರು ಇಲ್ವಲ್ಲಮ್ಮ," ಎಂದರು.

"ಅರ್ಜಿ ಕೊಟ್ಟಿದ್ದೀವಿ ಮೇಡಂ, ನಾನೇ ಕೊಟ್ಟಿದ್ದು."

"ಕೊಟ್ಟಿದ್ರಿ. ನಾಲ್ಕು ದಿನದ ಹಿಂದೆ ಅವರೇ ಬಂದು ವಾಪಸ್ ತಗೊಂಡ್ರು. ಅವರೊಬ್ಬರೇ ಅಲ್ಲ, ಹದಿನೇಳು ಜನ ತಗೊಂಡ್ರು. ಆ ಪಂಪ್‌ಹೌಸ್ ಜಾಗ ಇವತ್ತು ಬೆಳಿಗ್ಗೆ ಬೇರೆಯವರಿಗೆ ಹೋಯ್ತು. ಇನ್ನು ಮುಂದಿನ ವರ್ಷಾನೇ."

"ಯಾಕೆ ತಗೊಂಡ್ರು?"

ಅವರು ಮೇಜಿನ ಮೇಲಿದ್ದ ಒಂದು ಹಳದಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಗೇಟಿನಲ್ಲಿ ಗುಡುಗಿನ ಪಕ್ಷದವರು ಹಂಚಿದ ಕರಪತ್ರ. ಮೇಲೆ ಅವನ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕು ವಾಕ್ಯ.

ನಾನು ಬಸ್ಸಿನಲ್ಲಿ ಬಂದೆನೋ ನಡೆದು ಬಂದೆನೋ ನೆನಪಿಲ್ಲ. ಅಪ್ಪನ ಮೇಲೆ ನನಗೆ ಬಂದಿದ್ದ ಸಿಟ್ಟು ಅಷ್ಟಿಷ್ಟಲ್ಲ. ಆ ದಿನ ಸದನಕ್ಕೆ ರಜೆ. ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕರಪತ್ರವನ್ನು ಅವಳ ಮುಂದೆ ಬಿಸಾಕಿದೆ. "ನೋಡು ನಿನ್ನ ತಮ್ಮನ ಬುದ್ಧೀನ! ಯಾವನೋ ನಾಯಿ ಬೊಗಳಿದ್ದನ್ನ ನಂಬಿ ಅರ್ಜಿ ವಾಪಸ್ ತಗೊಂಡಿದ್ದಾನೆ."

ಅತ್ತೆ ಕೈ ಒರೆಸಿಕೊಂಡು ಹಾಳೆ ಎತ್ತಿಕೊಂಡಳು. ಓದಿದಳು. ಅಲ್ಲೇ ನೆಲದ ಮೇಲೆ ಕೂತು, ಈಗ ನಾನು ನಿಮಗೆ ಹೇಳಿದ್ದನ್ನೆಲ್ಲ ನನಗೆ ಹೇಳಿದಳು. ಕೇಳುತ್ತಿದ್ದ ಹಾಗೆ ನನ್ನ ಸಿಟ್ಟಿಗೆ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯಲಿಲ್ಲ. ಗುಡುಗಿನ ಮೇಲೆ ಇತ್ತು, ಎಣ್ಣೆಯ ಮೇಲೆ ಇತ್ತು, ನಕ್ಕ ಆ ಮುಖ್ಯ ವರದಿಗಾರನ ಮೇಲೆ ಇತ್ತು. ಅವಳ ಮೇಲೂ ಇತ್ತು, ಸುಳ್ಳು ಹೇಳುವುದಿಲ್ಲ. ಮೂರು ವಾರ ಪುಸ್ತಕ ಸರಿ ಮಾಡಿಸಲು ಓಡಾಡಿದವಳು ಒಂದು ಸಂಜೆ ತಮ್ಮನ ಎದುರು ಕೂತು ಹೇಳಿದ್ದರೆ ಸಾಕಿತ್ತು.

ಮೂರೂವರೆಗೆ ಅಪ್ಪ ಪಾಳಿ ಮುಗಿಸಿ ಬಂದ. ಮೆಟ್ಟಿಲಿನ ಮೇಲೆ ಎರಡು ಸಲ ನಿಂತದ್ದು ಒಳಗೆ ಕೇಳಿಸಿತು. ಬಾಗಿಲಲ್ಲಿ ನಮ್ಮ ಮುಖ ನೋಡಿ, ನೆಲದ ಮೇಲಿನ ಹಳದಿ ಹಾಳೆ ನೋಡಿ, ಸಿಕ್ಕಿಬಿದ್ದವನ ನಗೆ ನಕ್ಕ. "ಗೊತ್ತಾಯ್ತಾ? ಹೇಳೋಣ ಅಂತಿದ್ದೆ. ಎಲ್ಲರೂ ತಗೊಂಡ್ವಿ ಕಣೇ. ಹೋಗ್ಬೇಡಿ ಅಂತ ಸದನದಲ್ಲೇ ಹೇಳಿರುವಾಗ ನಾವು ಹೇಡಿಗಳ ಥರ ಓಡಿಹೋಗೋದಾ?"

"ಅದು ಅವನು ಆಡಿದ್ದಲ್ಲ ಕಣೋ," ಎಂದಳು ಅತ್ತೆ. ಧ್ವನಿ ಸಣ್ಣದಾಗಿತ್ತು. "ನಾನು ಸೇರಿಸಿದ್ದು. ನನ್ನ ಕೈ ನಿಂತುಹೋಗಿತ್ತು. ಹಳೇ ಪುಸ್ತಕದಿಂದ ತೆಗೆದು ಹಾಕಿದೆ. ಅದು ಸುಳ್ಳು ಕಣೋ."

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಇನ್ನೊಮ್ಮೆ ಬಿಡಿಸಿ ಹೇಳಿದಳು. ಅವನು ಗೋಡೆಗೆ ಒರಗಿ ಕೂತ. ಕೆಮ್ಮು ಬಂತು, ನಿಲ್ಲುವವರೆಗೆ ನಾವಿಬ್ಬರೂ ಕಾದೆವು.

"ಅಷ್ಟೂ ಯೋಚನೆ ಬೇಡ್ವೇನಪ್ಪಾ ನಿನಗೆ?" ಎಂದು ನಾನು ಕಿರುಚಿದೆ. "ಅಂಥೋನ ಮಾತು ಯಾರಾದ್ರೂ ನಂಬ್ತಾರಾ?"

ಅಪ್ಪ ನನ್ನನ್ನು ನೋಡಲಿಲ್ಲ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟ. ನಾನು ಅದನ್ನು ಓದಿಯೇ ಇರಲಿಲ್ಲ. 'ಸದನದ ಅಧಿಕೃತ ನಡವಳಿಯಿಂದ' ಎಂದಿತ್ತು.

"ಅವನ ಮಾತು ಯಾರು ನಂಬ್ತಾರೆ?" ಎಂದ. "ಗ್ಯಾಂಗಿನಲ್ಲಿ ಒಬ್ರೂ ನಂಬಿರ್ಲಿಲ್ಲ. ನಾನೇ ಹೇಳ್ದೆ ಅವರಿಗೆ, ಇದು ನಮ್ಮಕ್ಕ ಬರ್ಕೊಂಡಿರೋದು, ಅವಳು ಆಡದೇ ಇರೋದು ಬರೆಯೋಳಲ್ಲ ಅಂತ. ಹದಿನಾರು ಜನಕ್ಕೂ ನಾನೇ ಹೇಳ್ದೆ ಕಣಕ್ಕಾ."

ಅಪ್ಪ ಎದ್ದು ಕೈಕಾಲು ತೊಳೆಯಲು ಹೋದ. ನಲ್ಲಿಯಿಂದ ಹರಿದ ನೀರು ಕಪ್ಪಗಿತ್ತು.

ಮರುದಿನ ಬೆಳಿಗ್ಗೆ ಅವನು ಕಲ್ಲಿದ್ದಲ ಅಂಗಳಕ್ಕೆ ಹೋದ. ಅದಾಗಿ ಐದು ತಿಂಗಳಾಯಿತು. ಇವತ್ತೂ ಹೋಗಿದ್ದಾನೆ.